ಮದುವೆ ವಿಡಿಯೋ ಎಡಿಟಿಂಗ್‌ಗೆ 'ಪ್ರೊಫೆಷನಲ್' ಗ್ರಾಫಿಕ್ಸ್ ಕಾರ್ಡೇ ಬೇಕಾ?

ನೀವು ಸೋನಿ ಎ7 ಫೋರ್‌ನಲ್ಲಿ ಮದುವೆ ಶೂಟ್ ಮಾಡುತ್ತೀರಿ, ಡಾವಿಂಚಿ ರಿಸಾಲ್ವ್ ಸ್ಟುಡಿಯೋದಲ್ಲಿ ಎಡಿಟಿಂಗ್, ಟೈಟಲ್‌ಗಳಿಗೆ ಒಂದಿಷ್ಟು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್. ಅಂಗಡಿಯವರು "ಪ್ರೊಫೆಷನಲ್ ಕೆಲಸಕ್ಕೆ ಗೇಮಿಂಗ್ ಕಾರ್ಡ್ ಆಗಲ್ಲ" ಅಂತ ಹೇಳಿ 6 ಜಿಬಿಯ ಆರ್‌ಟಿಎಕ್ಸ್ ಎ2000 ತೋರಿಸಿದ್ದಾರೆ. ತಗೊಳ್ಳಲಾ ಅಂತ ಕೇಳಿದ್ದೀರಿ.

ಬೇಡ. ನಾನೂ ಇದೇ ಕೆಲಸ ಮಾಡುವವನು. ಯಾಕೆ ಬೇಡ ಅಂತ ಬಿಡಿಸಿ ಹೇಳುತ್ತೇನೆ.

ಆ ಕಾರ್ಡ್ ಕೆಟ್ಟದ್ದಲ್ಲ. ಬರೀ 70 ವ್ಯಾಟ್‌ನಲ್ಲಿ ಓಡುತ್ತದೆ, ಚಿಕ್ಕ ಕ್ಯಾಬಿನೆಟ್‌ನಲ್ಲೂ ಕೂರುತ್ತದೆ. ಸಾಲಿಡ್‌ವರ್ಕ್ಸ್ ತರಹದ ಇಂಜಿನಿಯರಿಂಗ್ ಸಾಫ್ಟ್‌ವೇರ್ ಓಡಿಸುವವರಿಗೆ ಸರ್ಟಿಫೈಡ್ ಡ್ರೈವರ್ ಬೇಕು, ಅವರಿಗೆ ಈ ಸಾಲಿನ ಕಾರ್ಡ್ ಸರಿ. ಹಿಂದೆ ಫೋಟೋಶಾಪ್‌ನಲ್ಲಿ 10 ಬಿಟ್ ಬಣ್ಣ ನೋಡಬೇಕಾದರೂ ಎನ್‌ವಿಡಿಯಾ ಕಂಪನಿಯ ಕಾರ್ಡ್‌ಗಳಲ್ಲಿ ಪ್ರೊಫೆಷನಲ್ ಸಾಲಿನ ಕ್ವಾಡ್ರೋನೇ ಬೇಕಿತ್ತು. 2019ರಲ್ಲಿ ಎನ್‌ವಿಡಿಯಾ ತನ್ನ ಸ್ಟುಡಿಯೋ ಡ್ರೈವರ್ ಮೂಲಕ ಅದನ್ನು ಗೇಮಿಂಗ್ ಸಾಲಿನ ಜೀಫೋರ್ಸ್ ಕಾರ್ಡ್‌ಗಳಿಗೂ ಕೊಟ್ಟಿತು. ಅಂಗಡಿಯವರ ಮಾತಿಗೆ ಹಿಂದೆ ಒಂದು ಅರ್ಥ ಇತ್ತು, ನಿಮ್ಮ ಕೆಲಸಕ್ಕೆ ಈಗ ಇಲ್ಲ.

ಮೊದಲು ನೋಡಬೇಕಾದ್ದು ನಿಮ್ಮ ಕ್ಯಾಮೆರಾದ ಫೈಲ್. ನಿಮ್ಮ ಸೋನಿ 10 ಬಿಟ್ 4:2:2 ಬರೆಯುತ್ತದೆ. ಅಂದರೆ ಮಾಮೂಲಿ 4:2:0 ಫೈಲ್‌ಗಿಂತ ಬಣ್ಣದ ವಿವರ ಜಾಸ್ತಿ ಇರುತ್ತದೆ. ಅರಿಶಿನ ಶಾಸ್ತ್ರದ ಹಳದಿ, ರೇಷ್ಮೆ ಸೀರೆಯ ಕೆಂಪು ಇವನ್ನೆಲ್ಲ ಗ್ರೇಡ್ ಮಾಡುವಾಗ, ಅಂದರೆ ಬಣ್ಣ ತಿದ್ದುವಾಗ, ಅದು ಕೈ ಹಿಡಿಯುತ್ತದೆ, ಬಿಡಬೇಡಿ. ಆದರೆ ಈ ಫೈಲನ್ನು ಬಿಚ್ಚುವ ಡಿಕೋಡರ್ ಎನ್‌ವಿಡಿಯಾದ 30 ಮತ್ತು 40 ಸೀರೀಸ್ ಗೇಮಿಂಗ್ ಕಾರ್ಡ್‌ಗಳಲ್ಲಿ ಇಲ್ಲ, ಎ2000ದಲ್ಲೂ ಇಲ್ಲ. ಆಗ ಅಷ್ಟೂ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ.

ನನಗೆ ಇದು ದುಡ್ಡು ಖರ್ಚಾದ ಮೇಲೆ ಗೊತ್ತಾಯಿತು. 40 ಸೀರೀಸ್‌ನ ಹೊಸ ಕಾರ್ಡ್ ಹಾಕಿಸಿ ಬಂದು, ಅವತ್ತೇ ರಾತ್ರಿ ಒಂದು ಧಾರೆಯ ಕ್ಲಿಪ್ ಟೈಮ್‌ಲೈನ್‌ಗೆ ಎಳೆದೆ. ಗಟ್ಟಿಮೇಳದ ಸದ್ದು ಮುಂದೆ ಹೋಗುತ್ತಿದೆ, ಚಿತ್ರ ತಡವರಿಸುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ನೂರಕ್ಕೆ ಮುಟ್ಟಿದೆ, ಕಾರ್ಡಿನ 'ವಿಡಿಯೋ ಡಿಕೋಡ್' ಗೆರೆ ಸೊನ್ನೆಯಲ್ಲಿ ಮಲಗಿದೆ. ನನ್ನ ಇಂಟೆಲ್ ಪ್ರೊಸೆಸರ್ ನಂಬರಿನ ಕೊನೆಗೆ 'ಎಫ್' ಅಕ್ಷರ ಇತ್ತು. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಇಲ್ಲದಿದ್ದರೆ ಕ್ವಿಕ್ ಸಿಂಕ್ ಕೂಡ ಇಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ ಎಚ್.265 (ವಿಡಿಯೋ ಕುಗ್ಗಿಸಿಡುವ ಒಂದು ಫಾರ್ಮ್ಯಾಟ್) ತರಹದ 4:2:2 ಫೈಲನ್ನು ಬಿಚ್ಚುವುದು ಆ ಕ್ವಿಕ್ ಸಿಂಕೇ. ಒಂದು ಅಕ್ಷರದಿಂದ ಇಡೀ ಸೀಸನ್ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್, ಮಾಡಿಕೊಂಡು ಕೂತೆ.

ಹಾಗಾಗಿ ನನ್ನ ಸಲಹೆ ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು. 2025ರಲ್ಲಿ ಬಂದ 50 ಸೀರೀಸ್‌ನಲ್ಲಿ ಎಚ್.264, ಎಚ್.265 ಎರಡರ 4:2:2 ಕೂಡ ಕಾರ್ಡೇ ಬಿಚ್ಚುತ್ತದೆ. ಅಷ್ಟು ದುಡ್ಡು ಈಗ ಇಲ್ಲ ಅಂದರೆ, ನಿಮ್ಮ ಪ್ರೊಸೆಸರ್ ಎಫ್ ಇಲ್ಲದ 11ನೇ ತಲೆಮಾರಿನದೋ ಆಮೇಲಿನದೋ ಇಂಟೆಲ್ ಆಗಿದ್ದರೆ, ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಇಟ್ಟುಕೊಳ್ಳಿ. ಅದು ಎಚ್.265. ಎಕ್ಸ್‌ಎವಿಸಿ ಎಸ್ ಇಟ್ಟರೆ ಎಚ್.264 ಆಗುತ್ತದೆ, ಅದರ 4:2:2 ಆ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವುಗಳ ಕ್ವಿಕ್ ಸಿಂಕ್‌ಗೂ ಬರಲ್ಲ. ರಿಸಾಲ್ವ್‌ನ ಪ್ರಿಫರೆನ್ಸಸ್‌ನಲ್ಲಿ ಡಿಕೋಡ್ ಆಯ್ಕೆಗಳಿಗೆ ಹೋಗಿ ಟಿಕ್ ಹಾಕುವುದು ಮರೆಯಬೇಡಿ.

16 ಜಿಬಿ ಯಾಕೆ ಅಂದರೆ, ಛತ್ರದ ಮಂದ ಬೆಳಕಿನ ರಿಸೆಪ್ಷನ್ ಫೂಟೇಜ್‌ಗೆ ನಾಯ್ಸ್ ರಿಡಕ್ಷನ್ ಹಾಕದೆ ಇರೋಕಾಗಲ್ಲ. ಟೆಂಪೊರಲ್ ನಾಯ್ಸ್ ರಿಡಕ್ಷನ್ ಅಕ್ಕಪಕ್ಕದ ಫ್ರೇಮ್‌ಗಳನ್ನೂ ಕಾರ್ಡಿನ ಮೆಮೊರಿಯಲ್ಲಿ ಇಟ್ಟುಕೊಂಡು ಲೆಕ್ಕ ಹಾಕುತ್ತದೆ. 4ಕೆ ಟೈಮ್‌ಲೈನ್‌ನಲ್ಲಿ ಅದರ ಮೇಲೆ ಇನ್ನೆರಡು ಎಫೆಕ್ಟ್ ಹಾಕಿದರೆ 6 ಜಿಬಿ ತುಂಬಿ, 'ಜಿಪಿಯು ಮೆಮೊರಿ ಫುಲ್' ಅಂತ ಬಂದು ಎಕ್ಸ್‌ಪೋರ್ಟ್ ನಿಲ್ಲುತ್ತದೆ. ಕಾರ್ಡ್ ಎಷ್ಟೇ ವೇಗದ್ದಾದರೂ ಆಗ ಏನೂ ಮಾಡಲಾಗದು. 5060 ಟಿಐ ಅದೇ ಹೆಸರಿನಲ್ಲಿ 8 ಜಿಬಿಯಲ್ಲೂ ಸಿಗುತ್ತದೆ, ಬಿಲ್ ಮಾಡಿಸುವ ಮುಂಚೆ ಡಬ್ಬದ ಮೇಲೆ ಓದಿ.

ಎಎಂಡಿ ಕಾರ್ಡ್‌ನಲ್ಲೂ ರಿಸಾಲ್ವ್ ಓಡುತ್ತದೆ. ಆದರೆ ಬ್ಲೆಂಡರ್ ಇರುವುದರಿಂದ ನಾನು ಎನ್‌ವಿಡಿಯಾ ಕಡೆ. ಬ್ಲೆಂಡರ್‌ನ ಸೈಕಲ್ಸ್ ರೆಂಡರ್‌ಗೆ ವೇಗ ಕೊಡುವ ಎನ್‌ವಿಡಿಯಾದ ಆಪ್ಟಿಕ್ಸ್ ಸಿಗುತ್ತದೆ.

ಕೊಳ್ಳುವ ದಿನ ನಿಮ್ಮದೇ ಫೂಟೇಜ್ ಇರುವ ಎಸ್‌ಎಸ್‌ಡಿ ಜೇಬಲ್ಲಿ ಇಟ್ಟುಕೊಂಡು ಹೋಗಿ. ಕೇಳಿ ನೋಡಿ, ಡೆಮೊ ಸಿಸ್ಟಂ ಇದ್ದರೆ ಕೆಲವರು ಹಾಕಲು ಬಿಡುತ್ತಾರೆ. ಕ್ಲಿಪ್ ಓಡಿಸಿ, ಆ 'ವಿಡಿಯೋ ಡಿಕೋಡ್' ಗೆರೆ ಏಳುತ್ತದಾ ಅಂತ ನೋಡಿ. ಇನ್ನೊಂದು, 5060 ಟಿಐ ಒಂದೇ 180 ವ್ಯಾಟ್ ತನಕ ಎಳೆಯುತ್ತದೆ. ಮನೆಯ 600 ವಿಎ ಯುಪಿಎಸ್ ಸಾಲದೆ ಹೋಗಬಹುದು, ಎಕ್ಸ್‌ಪೋರ್ಟ್ ಮಧ್ಯೆ ಕರೆಂಟ್ ಹೋದರೆ ಕಷ್ಟ. ನಿಮ್ಮ ಪ್ರೊಸೆಸರ್ ನಂಬರ್, ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಅನ್ನುವುದನ್ನು ಬರೆಯಿರಿ, ನೋಡಿ ಹೇಳುತ್ತೇನೆ.