ಮುಂಬಯಿಯ ಯಹೂದಿ ಪರಂಪರೆಯನ್ನು ನೋಡಲು ಮಾರ್ಗದರ್ಶಿ ಬೇಕೇ?

ಮುಂಬಯಿಯ ಯಹೂದಿ ಸ್ಮಾರಕಗಳನ್ನು ಮಾರ್ಗದರ್ಶಿಯೊಬ್ಬರೊಂದಿಗೆ ನೋಡಬೇಕೇ ಅಥವಾ ನಕ್ಷೆ ಹಿಡಿದು ಒಬ್ಬರೇ ಸುತ್ತಿದರೆ ಸಾಕೇ ಎಂದು ಕೇಳಿದ್ದೀರಿ. ಬಹುಕಾಲದಿಂದ ಈ ನಗರದಲ್ಲಿದ್ದು, ಊರಿನಿಂದ ಬಂದ ನೆಂಟರನ್ನು ಇಂಥ ಪ್ರವಾಸಗಳಿಗೆ ಕರೆದೊಯ್ದಿರುವ ನನ್ನ ಅಭಿಪ್ರಾಯದಲ್ಲಿ ಮಾರ್ಗದರ್ಶಿ ಬೇಕು. ಆದರೆ ಫೋರ್ಟ್ ಪ್ರದೇಶದಲ್ಲಿ ಸಸೂನ್ ಎಂಬ ಯಹೂದಿ ವರ್ತಕ ಮನೆತನದ ಕಟ್ಟಡಗಳನ್ನಷ್ಟೇ ತೋರಿಸಿ ಮುಗಿಸುವ ಪ್ರವಾಸಕ್ಕೆ ಹಣ ಕೊಡಬೇಡಿ. ಆ ಭಾಗವನ್ನು ಯಾರ ನೆರವೂ ಇಲ್ಲದೆ ನೋಡಬಹುದು.

ಏಕೆಂದರೆ ಮುಂಬಯಿಯಲ್ಲಿ ಯಹೂದಿ ಪರಂಪರೆ ಒಂದಲ್ಲ, ಎರಡು. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಶತಮಾನಗಳ ಕಾಲ ಎಣ್ಣೆ ತೆಗೆದು ಬದುಕಿದ, ಮರಾಠಿಯನ್ನೇ ಮನೆಮಾತಾಗಿ ಮಾಡಿಕೊಂಡ ಬೆನೆ ಇಸ್ರೇಲಿಗಳದು ಮೊದಲನೆಯದು. ಅಲಿಬಾಗ್ ಸಮೀಪದ ನವಗಾಂವ್ ಬಳಿ ಹಡಗು ಒಡೆದು ಬದುಕುಳಿದ ಏಳು ದಂಪತಿಗಳ ಸಂತತಿ ತಾವೆಂದು ಅವರು ನಂಬುತ್ತಾರೆ. ಯಹೂದಿಗಳ ವಿಶ್ರಾಂತಿ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿಗಳೆಂದು, ಅಂದರೆ ಶನಿವಾರದ ಗಾಣಿಗರೆಂದು, ಕರೆಯುತ್ತಿದ್ದರು. ಎರಡನೆಯದು ಬಾಗ್ದಾದಿನಿಂದ ಬಂದ ವರ್ತಕರದು. ಅಲ್ಲಿನ ಆಳರಸನ ಕಿರುಕುಳ ತಾಳದೆ ಊರು ಬಿಟ್ಟ ಡೇವಿಡ್ ಸಸೂನ್ 1830ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು, ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಅಪಾರ ಸಂಪತ್ತು ಗಳಿಸಿದರು. (ಅಫೀಮಿನ ಮಾತನ್ನು ಅನೇಕ ಮಾರ್ಗದರ್ಶಿಗಳು ನುಂಗಿಬಿಡುತ್ತಾರೆ; ಕೇಳಿದರೆ ಹೇಳುತ್ತಾರೆ.)

ಫೋರ್ಟಿನ ಕಾಲಾ ಘೋಡಾದಲ್ಲಿ (ಹೆಸರಿನ ಅರ್ಥ ಕಪ್ಪು ಕುದುರೆ) ಕಾಣುವುದೆಲ್ಲ ಬಹುಮಟ್ಟಿಗೆ ಈ ಎರಡನೆಯವರ ಕೊಡುಗೆ. 1870ರಲ್ಲಿ ಪೂರ್ಣಗೊಂಡ ಡೇವಿಡ್ ಸಸೂನ್ ಗ್ರಂಥಾಲಯ ಅಲ್ಲಿದೆ. ಆ ಪ್ರದೇಶಕ್ಕೆ ಹೆಸರು ತಂದ, ವೇಲ್ಸ್ ರಾಜಕುಮಾರನ ಅಶ್ವಾರೋಹಿ ಪ್ರತಿಮೆ ಡೇವಿಡ್ಡರ ಮಗ ಆಲ್ಬರ್ಟ್ ಸಸೂನ್ ನೀಡಿದ್ದು. 1965ರಲ್ಲಿ ಅದನ್ನು ತೆಗೆಯಲಾಯಿತು, ಈಗ ಅದು ಬೈಕುಲಾದ ರಾಣಿಬಾಗ್‌ನಲ್ಲಿದೆ. ಹತ್ತಿರದಲ್ಲಿಯೇ ಜೇಕಬ್ ಸಸೂನ್ 1884ರಲ್ಲಿ ಕಟ್ಟಿಸಿದ ಕೆನೆಸೆತ್ ಎಲಿಯಾಹು ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಇದೆ. ದೀರ್ಘಕಾಲ ತಿಳಿನೀಲಿ ಬಣ್ಣದಲ್ಲಿದ್ದ ಈ ಕಟ್ಟಡ ಜೀರ್ಣೋದ್ಧಾರಗೊಂಡು 2019ರಲ್ಲಿ ಮತ್ತೆ ತೆರೆಯಿತು. ಒಳಗಿನ ಬಣ್ಣದ ಗಾಜು, ಮಹಿಳೆಯರಿಗೆ ಮೀಸಲಾದ ಮೇಲಿನ ಮೊಗಸಾಲೆ, ಜೆರುಸಲೇಮಿಗೆ ಅಭಿಮುಖವಾಗಿ ಪಶ್ಚಿಮದ ಗೋಡೆಯಲ್ಲಿರುವ, ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಗಳ ಕಪಾಟು ಇವೆಲ್ಲ ಸೊಗಸಾಗಿವೆ, ನಿಜ.

ಆದರೆ ಮಾರ್ಗದರ್ಶಿಯ ಬೆಲೆ ತಿಳಿಯುವುದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಮುಂದಿನ ನಿಲ್ದಾಣವಾದ ಮಸ್ಜಿದ್‌ನಲ್ಲಿ ಇಳಿದಾಗ. ಸಗಟು ಅಂಗಡಿಗಳು, ಕೈಗಾಡಿಗಳು, ಹಮಾಲರ ನೂಕುನುಗ್ಗಲಿನ ನಡುವೆ ಸ್ಯಾಮ್ಯುಯೆಲ್ ಬೀದಿಯಲ್ಲಿರುವ ಶಾರ್ ಹರಹಮೀಮ್ ಎಂಬ ಸಿನಗಾಗನ್ನು ಒಬ್ಬರೇ ಹೋದವರು ಗುರುತಿಸದೆ ದಾಟಿಹೋಗುವ ಸಾಧ್ಯತೆಯೇ ಹೆಚ್ಚು. 1796ರಲ್ಲಿ ಸ್ಥಾಪನೆಯಾದ ಇದು ನಗರದ ಅತ್ಯಂತ ಹಳೆಯ ಸಿನಗಾಗ್, ಮತ್ತು ಕನ್ನಡಿಗರ ಕಿವಿ ನಿಮಿರಬೇಕಾದ ಕಥೆಯೂ ಇದಕ್ಕಿದೆ. ಇದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ಎಜಿಕಿಯಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದವರು. ಸೆರೆಯಾಳುಗಳು ಬೆನೆ ಇಸ್ರೇಲಿಗಳೆಂದು ತಿಳಿದ ಸುಲ್ತಾನನ ತಾಯಿ, ಕುರಾನಿನಲ್ಲಿ ಹೆಸರು ಬಂದಿರುವ ಜನಾಂಗದವರನ್ನು ಕೊಲ್ಲಬಾರದೆಂದು ಮಗನಿಗೆ ಹೇಳಿ ಅವರ ಜೀವ ಉಳಿಸಿದಳೆಂಬುದು ಸಮುದಾಯದಲ್ಲಿ ನಡೆದುಬಂದಿರುವ ಮಾತು. ಇದಕ್ಕೆ ದಾಖಲೆ ಕೇಳುವುದಕ್ಕಿಂತ, ಇಷ್ಟು ತಲೆಮಾರು ಕಳೆದ ಮೇಲೂ ಮುಂಬಯಿಯ ಓಣಿಯೊಂದರಲ್ಲಿ ಆ ತಾಯಿಯನ್ನು ಕೃತಜ್ಞತೆಯಿಂದ ನೆನೆಯುತ್ತಾರಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅದೇ ಮಾರ್ಗದಲ್ಲಿ ಇನ್ನೆರಡು ನಿಲ್ದಾಣ ಮುಂದೆ ಹೋದರೆ ಬೈಕುಲಾ ಸಿಗುತ್ತದೆ. ಡೇವಿಡ್ ಸಸೂನ್ 1860ರ ದಶಕದಲ್ಲಿ ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗ್ ಗಡಿಯಾರ ಗೋಪುರವನ್ನು ಹೊತ್ತು, ದೂರಕ್ಕೆ ಚರ್ಚಿನಂತೆಯೇ ತೋರುತ್ತದೆ. ಇದರ ಆವರಣದಲ್ಲಿ ಸಸೂನ್ ಮನೆತನದ ಹೆಸರಿನ ಶಾಲೆಗಳಿದ್ದು, ಅಲ್ಲಿ ಓದುವವರಲ್ಲಿ ಹೆಚ್ಚಿನವರು ಈಗ ಮುಸ್ಲಿಂ ಮಕ್ಕಳು. ಯಹೂದಿಗಳು ಬಹುಪಾಲು ಇಸ್ರೇಲಿಗೋ ಇಂಗ್ಲೆಂಡಿಗೋ ಹೊರಟುಹೋದ ಮೇಲೆ ಆ ಸಂಸ್ಥೆಗಳು ನೆರೆಯವರ ಮಕ್ಕಳಿಂದ ಜೀವ ಹಿಡಿದುಕೊಂಡಿವೆ. ಇಲ್ಲಿ ನಿಂತಾಗ ಎರಡು ಪಂಗಡಗಳ ನಡುವಿನ ಬಿರುಕಿನ ಬಗ್ಗೆಯೂ ಕೇಳಿರಿ. ಒಂದೇ ದೇವರನ್ನು ನಂಬುವವರಾಗಿದ್ದರೂ, ಸ್ಮಶಾನದಲ್ಲಿ ತಮ್ಮ ಭಾಗಕ್ಕೂ ಬೆನೆ ಇಸ್ರೇಲಿಗಳ ಭಾಗಕ್ಕೂ ನಡುವೆ ಗೋಡೆ ಬೇಕೆಂದು ಬಾಗ್ದಾದಿಗಳು 1836ರಲ್ಲಿ ಸರ್ಕಾರವನ್ನು ಕೋರಿದ್ದರು. ಮುಂದೆ ಇಸ್ರೇಲಿನಲ್ಲಿಯೂ ತಾವು ಪೂರ್ಣ ಯಹೂದಿಗಳೆಂದು ಒಪ್ಪಿಸಲು ಬೆನೆ ಇಸ್ರೇಲಿಗಳು ಪ್ರತಿಭಟನೆಗಿಳಿಯಬೇಕಾಯಿತು. 1964ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಇದನ್ನು ಅಂಜದೆ ವಿವರಿಸುವ ಮಾರ್ಗದರ್ಶಿ ಸಿಕ್ಕರೆ, ಅವರು ಒಳ್ಳೆಯವರೆಂದು ತಿಳಿಯಿರಿ.

ಕೆಲವು ಪ್ರವಾಸಗಳಲ್ಲಿ ಬೆನೆ ಇಸ್ರೇಲಿ ಮನೆಯೊಂದರಲ್ಲಿ ಊಟವೂ ಸೇರಿರುತ್ತದೆ. ಹೆಚ್ಚಿನ ಹಣ ಕೇಳಿದರೂ ಇದನ್ನು ಬಿಡಬೇಡಿ. ಮಾಂಸದೊಡನೆ ಹಾಲು ಬೆರೆಸಬಾರದೆಂಬ ನಿಯಮವಿರುವುದರಿಂದ ಅವರ ಅಡುಗೆಯಲ್ಲಿ ತೆಂಗಿನ ಹಾಲು ಧಾರಾಳ. ಕರಾವಳಿಯವರಿಗೆ ಅದು ಅಪರಿಚಿತವೆನಿಸದು. ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಅವಲಕ್ಕಿ, ತೆಂಗಿನತುರಿ, ಸಿಹಿ ಮತ್ತು ಹಣ್ಣುಗಳನ್ನಿಟ್ಟು ಮಾಡುವ ಮಲಿದಾ ಎಂಬ ಹರಕೆಯನ್ನು ಮನೆಯವರ ಬಾಯಿಂದಲೇ ಕೇಳಬೇಕು.

ಶನಿವಾರ ಮತ್ತು ಯಹೂದಿ ಹಬ್ಬಗಳಂದು ಹೋಗಬೇಡಿ. ಶುಕ್ರವಾರವಾದರೆ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ. 2008ರ ನವೆಂಬರ್ ದಾಳಿಯಲ್ಲಿ ಕೊಲಾಬಾದ ಯಹೂದಿ ಕೇಂದ್ರವಾದ ನಾರಿಮನ್ ಹೌಸ್ ಗುರಿಯಾದ ಬಳಿಕ ಕಾವಲು ಬಿಗಿಯಾಗಿದೆ. ಆದ್ದರಿಂದ ಮೂಲ ಗುರುತಿನ ಚೀಟಿಯನ್ನು ಕೈಯಲ್ಲಿಟ್ಟುಕೊಳ್ಳಿ, ದೊಡ್ಡ ಚೀಲ ತರಬೇಡಿ, ಅನುಮತಿ ಪಡೆಯದೆ ಫೋಟೊ ತೆಗೆಯಬೇಡಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಕರವಸ್ತ್ರವಾದರೂ ಆಗುತ್ತದೆ. ಮುಂಗಡ ಕೊಡುವ ಮೊದಲು ಸ್ಯಾಮ್ಯುಯೆಲ್ ಬೀದಿಯ ಸಿನಗಾಗಿನ ಒಳಗೆ ಕರೆದೊಯ್ಯುತ್ತೀರಾ ಅಥವಾ ಹೊರಗಿನಿಂದಲೇ ತೋರಿಸುತ್ತೀರಾ ಎಂದು ಕೇಳಿರಿ. ಒಳಗೆ ಎಂದರೆ ಮಾತ್ರ ಹಣ ಕಟ್ಟಿರಿ.