ನಿನ್ನೆ ಮುದ್ರಿಸಿದ ಪ್ರಿಂಟರ್ ಇಂದು ಏಕೆ ಸುಮ್ಮನಿದೆ?

ಪ್ರಶ್ನೆ: ಮನೆಯ ಪ್ರಿಂಟರನ್ನು ವೈಫೈ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಸೇರಿಸಿದ ದಿನ ಚೆನ್ನಾಗಿ ಮುದ್ರಿಸುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಏನು ಕಳುಹಿಸಿದರೂ ಹಾಳೆ ಬರುವುದಿಲ್ಲ, ತಪ್ಪೇನೆಂದು ತಿಳಿಸುವ ಸಂದೇಶವೂ ಇಲ್ಲ. ಅಳಿಸಿ ಮತ್ತೆ ಸೇರಿಸಿದರೆ ಸರಿಹೋಗುತ್ತದೆ. ಹೀಗೆ ಮಾಡಿ ಮಾಡಿ ಪಟ್ಟಿಯಲ್ಲಿ ಒಂದೇ ಪ್ರಿಂಟರಿನ ಮೂರು ಹೆಸರುಗಳಾಗಿವೆ. ಮೊಬೈಲಿನಿಂದ ಮಾತ್ರ ಪ್ರತಿ ಸಲವೂ ಮುದ್ರಣವಾಗುತ್ತದೆ. ಬೇರೆ ಡ್ರೈವರ್ ಹಾಕಬೇಕೇ? — ಒಬ್ಬ ಶಿಕ್ಷಕಿ

ಉತ್ತರ: ದಯವಿಟ್ಟು ಡ್ರೈವರನ್ನು, ಅಂದರೆ ಪ್ರಿಂಟರಿನೊಂದಿಗೆ ಮಾತನಾಡುವ ತಂತ್ರಾಂಶವನ್ನು, ಮುಟ್ಟಬೇಡಿ. ಅಳಿಸಿ ಸೇರಿಸಿದೊಡನೆ ಹಾಳೆ ಬರುತ್ತದೆ ಎಂದರೆ ಡ್ರೈವರ್ ಸರಿಯಾಗಿಯೇ ಇದೆ. ಕೆಟ್ಟಿರುವುದು ಕಂಪ್ಯೂಟರ್ ನೆನಪಿಟ್ಟುಕೊಂಡಿರುವ, ಪ್ರಿಂಟರಿನ ನೆಟ್‌ವರ್ಕ್ ವಿಳಾಸ.

ಇದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮಗಳ 32 ಪುಟಗಳ ವರದಿಯನ್ನು ಮರುದಿನ ಬೆಳಿಗ್ಗೆ ಒಪ್ಪಿಸಬೇಕಿತ್ತು. ರಾತ್ರಿ ಹತ್ತು ಗಂಟೆಗೆ ಪ್ರಿಂಟರ್ ಸುಮ್ಮನಾಯಿತು. ಅಷ್ಟರಲ್ಲಿ ನಾನು ಡ್ರೈವರನ್ನು ನಾಲ್ಕು ಬಾರಿ ಬದಲಿಸಿದ್ದೆ. ಅಂದು ಬೇಸರದಿಂದ ಪ್ರಿಂಟರಿನ ಗುಂಡಿಗಳನ್ನೇ ಒತ್ತುತ್ತಾ ಹೋಗಿ ಅದರ ನೆಟ್‌ವರ್ಕ್ ಮಾಹಿತಿಯ ಹಾಳೆಯನ್ನು ಮುದ್ರಿಸಿದೆ. ಅದರಲ್ಲಿದ್ದ ವಿಳಾಸದ ಕೊನೆಯ ಅಂಕಿ 14. ಕಂಪ್ಯೂಟರಿನಲ್ಲಿದ್ದದ್ದು 9. ಸಂಜೆ ಕರೆಂಟ್ ಹೋಗಿ ಬಂದಿತ್ತು, ರೂಟರ್ ಹೊಸದಾಗಿ ಎದ್ದು ಎಲ್ಲರಿಗೂ ಹೊಸ ವಿಳಾಸ ಹಂಚಿತ್ತು. ನನ್ನ ಕಂಪ್ಯೂಟರ್ ಮನೆ ಬದಲಿಸಿದವರ ಹಳೆಯ ಬಾಗಿಲನ್ನು ತಟ್ಟುತ್ತಲೇ ಇತ್ತು. ನಿಮ್ಮ ಮೊಬೈಲ್ ಎಂದೂ ಸೋಲದಿರುವುದಕ್ಕೂ ಇದೇ ಕಾರಣ: ಅದು ಪ್ರತಿ ಸಲವೂ ಪ್ರಿಂಟರನ್ನು ಹೆಸರು ಹಿಡಿದು ಹೊಸದಾಗಿ ಹುಡುಕುತ್ತದೆ.

ಲಿನಕ್ಸಿನಲ್ಲಿ ಮುದ್ರಣವನ್ನು ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಕಪ್ಸ್. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, 631 ಎಂದು ಸೇರಿಸಿದರೆ ಅದರ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ನಿಮ್ಮ ಪ್ರಿಂಟರಿನ ‘ಕನೆಕ್ಷನ್’ ಎಂಬ ಸಾಲನ್ನು ಓದಿ. ಅದರಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಅಂಕಿಗಳಿದ್ದರೆ ಅದು ಸಂಖ್ಯೆಯನ್ನು ನಂಬಿದೆ. ‘ಡಿಎನ್‌ಎಸ್‌ಎಸ್‌ಡಿ’ ಎಂದು ಆರಂಭವಾದರೆ ಹೆಸರನ್ನು ನಂಬಿದೆ. ಸಂಖ್ಯೆಯಾದರೆ ರೂಟರಿನ ಪುಟಕ್ಕೆ ಹೋಗಿ ಆ ವಿಳಾಸವನ್ನು ಪ್ರಿಂಟರಿಗೆಂದೇ ಕಾಯ್ದಿರಿಸಿ. ಇದಕ್ಕೆ ಬೇಕಾದ ಮ್ಯಾಕ್ ವಿಳಾಸ, ಅಂದರೆ ಸಾಧನದ ಬದಲಾಗದ ಗುರುತಿನ ಸಂಖ್ಯೆ, ಸಾಮಾನ್ಯವಾಗಿ ನೆಟ್‌ವರ್ಕ್ ಮಾಹಿತಿಯ ಹಾಳೆಯಲ್ಲೇ ಇರುತ್ತದೆ. ನಾನು ಬೇರೆ ಏನನ್ನು ಮಾಡದಿದ್ದರೂ ಇದೊಂದನ್ನು ಮೊದಲು ಮಾಡುತ್ತೇನೆ.

ಎರಡನೆಯ ತೊಡಕು ನಿದ್ರೆಯದು. ಗಾಢ ನಿದ್ರೆಯಲ್ಲಿರುವ ಪ್ರಿಂಟರ್ ಮೊದಲ ಕರೆಗೆ ಓಗೊಡದಿರಬಹುದು. ಆಗ ಕಪ್ಸ್ ಆ ಒಂದು ಸೋಲಿಗೇ ಮುದ್ರಣದ ಇಡೀ ಸರದಿಯನ್ನು ನಿಲ್ಲಿಸಿಬಿಡಬಹುದು. ಆಮೇಲೆ ಪ್ರಿಂಟರ್ ಎಚ್ಚರಗೊಂಡರೂ ಸರದಿ ತಾನಾಗಿ ಚಲಿಸುವುದಿಲ್ಲ. ನೀವು ಕಳುಹಿಸಿದ್ದೆಲ್ಲ ಅಲ್ಲಿ ರಾಶಿ ಬೀಳುತ್ತದೆ. ‘ಮೆಂಟೆನೆನ್ಸ್’ ಪಟ್ಟಿಯಲ್ಲಿ ‘ರೆಸ್ಯೂಮ್ ಪ್ರಿಂಟರ್’ ಆರಿಸಿದರೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ, ಆದ್ದರಿಂದ ಬೇಡದವನ್ನು ಮೊದಲೇ ರದ್ದುಮಾಡಿ. ಶಾಶ್ವತ ಪರಿಹಾರ ಪಕ್ಕದ ‘ಅಡ್ಮಿನಿಸ್ಟ್ರೇಷನ್’ ಪಟ್ಟಿಯಲ್ಲಿದೆ: ‘ಸೆಟ್ ಡಿಫಾಲ್ಟ್ ಆಪ್ಷನ್ಸ್’, ಅದರೊಳಗೆ ‘ಪಾಲಿಸೀಸ್’, ಅಲ್ಲಿ ‘ಎರರ್ ಪಾಲಿಸಿ’. ‘ಸ್ಟಾಪ್ ಪ್ರಿಂಟರ್’ ಎಂದಿರುವುದನ್ನು ‘ರೀಟ್ರೈ ಜಾಬ್’ ಎಂದು ಬದಲಿಸಿ. ಆಗ ಕಪ್ಸ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ನಿದ್ರೆಯಿಂದ ಏಳಲು ಸಾಮಾನ್ಯವಾಗಿ ಅಷ್ಟು ಕಾಲ ಸಾಕು. ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೇಳಿದರೆ ಕಂಪ್ಯೂಟರಿಗೆ ಲಾಗಿನ್ ಆಗುವವನ್ನೇ ಕೊಡಿ.

ಮೂರು ಹೆಸರುಗಳ ವಿಷಯ. ಅವುಗಳಲ್ಲಿ ಒಂದು ನೀವು ಸೇರಿಸಿದ್ದು, ಇನ್ನೊಂದು ಕಪ್ಸ್ ತಾನೇ ಕಂಡುಕೊಂಡದ್ದು, ಮತ್ತೊಂದು ‘ಕಪ್ಸ್ ಬ್ರೌಸ್ಡ್’ ಎಂಬ ಹಿನ್ನೆಲೆ ಸೇವೆ ಹುಟ್ಟುಹಾಕಿದ್ದು ಇರಬಹುದು. ಅಳಿಸಿದರೂ ಮರಳಿ ಬರುವುದು ಈ ಕೊನೆಯದು. ಒಂದೇ ಹೊಸ ಪ್ರಿಂಟರ್ ಇರುವ ಮನೆಗೆ ಈ ಸೇವೆಯ ಅಗತ್ಯವಿಲ್ಲ, ನಿಲ್ಲಿಸಿಬಿಡಿ. 2024ರ ಸೆಪ್ಟೆಂಬರಿನಲ್ಲಿ ಇದರಲ್ಲಿ ಗಂಭೀರ ಭದ್ರತಾ ದೋಷ ಬಯಲಾಗಿತ್ತು. ಆಮೇಲೆ ತಿದ್ದುಪಡಿ ಬಂದಿದೆ, ಆದರೂ ಬೇಡದ ಸೇವೆಯನ್ನು ಓಡಿಸುತ್ತಿರುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ನನ್ನದು ಯುಎಸ್‌ಬಿ ತಂತಿಯ ಪ್ರಿಂಟರ್. ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ತಯಾರಕರ ಡ್ರೈವರ್ ‘ಸಾಧನ ಬೇರೆಡೆ ಬಳಕೆಯಲ್ಲಿದೆ’ ಎನ್ನುತ್ತಿದೆ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್!

ಉತ್ತರ: ಬಳಸುತ್ತಿರುವುದು ‘ಐಪಿಪಿ ಯುಎಸ್‌ಬಿ’ ಎಂಬ ಸೇವೆ ಇರಬೇಕು. 2021ರ ಡೆಬಿಯನ್ 11ರಂತಹ ಲಿನಕ್ಸ್ ಆವೃತ್ತಿಗಳಿಂದ ಇದು ಬಳಕೆಗೆ ಬಂದಿದೆ. ತಂತಿಯ ಪ್ರಿಂಟರನ್ನು ನೆಟ್‌ವರ್ಕ್ ಪ್ರಿಂಟರಿನಂತೆ ಕಾಣಿಸುವುದು ಇದರ ಕೆಲಸ, ಅದಕ್ಕಾಗಿ ತಂತಿಯನ್ನು ತಾನೊಬ್ಬನೇ ಹಿಡಿದುಕೊಳ್ಳುತ್ತದೆ. ಹಳೆಯ ಡ್ರೈವರಿಗೆ ಎಡೆ ಇಲ್ಲ. ಇಬ್ಬರಲ್ಲಿ ಒಬ್ಬರನ್ನು ಇಟ್ಟುಕೊಳ್ಳಬೇಕು. ನನ್ನ ಮತ ಹೊಸಬನಿಗೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, 60000 ಸೇರಿಸಿ ನೋಡಿ. ಹಲವು ಪ್ರಿಂಟರುಗಳಲ್ಲಿ ಅವುಗಳ ಸ್ವಂತ ಪುಟವೇ ತೆರೆದು, ಶಾಯಿಯ ಮಟ್ಟವನ್ನೂ ತೋರಿಸುತ್ತದೆ. ಅದು ತೆರೆದರೆ ತಯಾರಕರ ಡ್ರೈವರನ್ನು ತೆಗೆದುಹಾಕಿ ಪ್ರಿಂಟರನ್ನು ಹೊಸದಾಗಿ ಸೇರಿಸಿ. ಸ್ಕ್ಯಾನರ್ ಇದ್ದರೆ ‘ಸೇನ್ ಏರ್‌ಸ್ಕ್ಯಾನ್’ ಎಂಬ ಪ್ಯಾಕೇಜ್ ಸಾಕಾಗುತ್ತದೆ.

ಪ್ರಶ್ನೆ: ಹಳೆಯ ಎಚ್‌ಪಿ ಲೇಸರ್‌ಜೆಟ್ 1020 ಇದೆ. ಪ್ರತಿ ಅಪ್‌ಡೇಟ್ ನಂತರ ನಿಂತುಹೋಗುತ್ತದೆ. ಎಸೆಯಬೇಕೇ?

ಉತ್ತರ: ಖಂಡಿತ ಎಸೆಯಬೇಡಿ. ಆ ಮಾದರಿ ತನ್ನ ಫರ್ಮ್‌ವೇರನ್ನು, ಅಂದರೆ ತನ್ನನ್ನು ನಡೆಸುವ ತಂತ್ರಾಂಶವನ್ನು, ಒಳಗೆ ಉಳಿಸಿಕೊಳ್ಳುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರ್ ಅದನ್ನು ತುಂಬಬೇಕು. ಅದನ್ನು ಕೊಡುವುದು ಎಚ್‌ಪಿ ಪ್ರಿಂಟರುಗಳಿಗೆಂದೇ ಇರುವ ಎಚ್‌ಪ್ಲಿಪ್ ತಂತ್ರಾಂಶದ ಪ್ಲಗಿನ್ ಎಂಬ ಹೆಚ್ಚುವರಿ ಭಾಗ. ಪ್ಲಗಿನ್ ಮತ್ತು ಎಚ್‌ಪ್ಲಿಪ್‌ನ ಆವೃತ್ತಿಗಳು ಒಂದೇ ಆಗಿರಬೇಕು. ಅಪ್‌ಡೇಟ್ ಎಚ್‌ಪ್ಲಿಪ್ಪನ್ನು ಮಾತ್ರ ಮೇಲೇರಿಸಿ ಪ್ಲಗಿನ್ನನ್ನು ಹಿಂದೆ ಬಿಟ್ಟಿರುತ್ತದೆ. ಪ್ಲಗಿನ್ ಮತ್ತೆ ಅಳವಡಿಸಿ, ಪ್ರಿಂಟರಿನ ಸ್ವಿಚ್ ಒಮ್ಮೆ ಆಫ್ ಮಾಡಿ ಮತ್ತೆ ಹಾಕಿ.

ಪ್ರಶ್ನೆ: ಲಿನಕ್ಸಿಗೆಂದು ಹೊಸ ಪ್ರಿಂಟರ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಪೆಟ್ಟಿಗೆಯ ಮೇಲೆ ‘ಏರ್‌ಪ್ರಿಂಟ್’ ಎಂದಿದೆಯೇ ನೋಡಿ. ಅದು ಆಪಲ್ 2010ರಲ್ಲಿ ತಂದ ಪದ್ಧತಿ, ಆದರೆ ಅದನ್ನು ಬಲ್ಲ ಪ್ರಿಂಟರಿನೊಂದಿಗೆ ಕಪ್ಸ್ ಕೂಡ ಪ್ರತ್ಯೇಕ ಡ್ರೈವರ್ ಇಲ್ಲದೆ ಮಾತನಾಡುತ್ತದೆ. ‘ಲಿನಕ್ಸ್ ಬೆಂಬಲವಿದೆ’ ಎಂಬ ಸಾಲಿಗಿಂತ ನಾನು ಈ ಒಂದು ಪದವನ್ನು ಹೆಚ್ಚು ನಂಬುತ್ತೇನೆ: ಆ ಸಾಲಿನ ಹಿಂದೆ ಎಷ್ಟೋ ಸಲ ಇಂದಿನ ಕಂಪ್ಯೂಟರಿಗೆ ಸುಲಭವಾಗಿ ಹೊಂದದ ಹಳೆಯ 32 ಬಿಟ್ ಡ್ರೈವರ್ ಒಂದೇ ಇರುತ್ತದೆ. ವೈಫೈ ಜೊತೆಗೆ ಈಥರ್ನೆಟ್ ಕಿಂಡಿಯೂ ಇದ್ದರೆ, ರೂಟರ್ ಹತ್ತಿರದಲ್ಲಿದ್ದರೆ, ತಂತಿಯಿಂದಲೇ ಜೋಡಿಸಿ.