ಹತ್ತು ಸಾವಿರ ಹೆಜ್ಜೆ, ಒಂದು ಲೋಟ ನೀರು

ಓದುಗರ ಪತ್ರ

"ಸಂಪಾದಕರಿಗೆ ನಮಸ್ಕಾರ. ನಮ್ಮದು ಅರಸೀಕೆರೆ ಕಡೆ. ಯಜಮಾನರು ನಿವೃತ್ತರಾಗಿ ಎರಡು ವರ್ಷ ಆಯ್ತು. 2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟೀವಿಯಲ್ಲಿ ದಿನಾ ಬರುವಾಗ ಹೆದರಿಕೊಂಡು ಮೈಸೂರಿನ ಜಯದೇವಕ್ಕೆ ಹೋದರು. ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ತೋರಿಸಿಕೊಂಡು ಬಂದರು. ಏನೂ ಇಲ್ಲ ಅಂದರಂತೆ. ಅವತ್ತಿನಿಂದ ಮನುಷ್ಯರೇ ಬೇರೆ ಆಗಿದ್ದಾರೆ. ಕೈಗೆ ವಾಚು, ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಕಮ್ಮಿ ಬಿದ್ದರೆ ರಾತ್ರಿ ಹತ್ತು ಗಂಟೆಗೆ ನಡುಮನೆಯಲ್ಲಿ ಸುತ್ತುತ್ತಾರೆ. ಅನ್ನ, ಆಲೂಗಡ್ಡೆ, ತೆಂಗಿನಕಾಯಿ ಬಂದ್. ಬೆಳಿಗ್ಗೆ ಸಿರಿಧಾನ್ಯದ ಗಂಜಿ, ಸಂಜೆ ಡಬ್ಬಿಯ ಪ್ರೋಟೀನ್ ಪುಡಿ. ಅವರಿಗೊಂದು ಅಡುಗೆ, ಅತ್ತೆಗೊಂದು, ನಮಗೊಂದು. ಇಷ್ಟು ನಡೆಯುವವರು ಕುಡಿಯೋ ನೀರಿಗೆ ಮಾತ್ರ ಕೂತಲ್ಲಿಂದಲೇ ನನ್ನನ್ನ ಕೂಗುತ್ತಾರೆ. ನನಗೆ ಸಿಟ್ಟು ಬರೋದು ತಪ್ಪಾ? ಯಾವ ಧಾನ್ಯ ಯಾವ ಕಾಯಿಲೆಗೆ ಒಳ್ಳೇದು ಅಂತ ಒಂದು ಪಟ್ಟಿಯನ್ನೂ ದಯವಿಟ್ಟು ಹಾಕಿ. ನನ್ನ ಹೆಸರು ಬೇಡ."

ಸಂಪಾದಕರ ಉತ್ತರ

ಅಕ್ಕಾ, ಸಿಟ್ಟು ಬರೋದು ತಪ್ಪಲ್ಲ. ಪಟ್ಟಿ ಕೇಳಿದ್ದು ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಯಜಮಾನರ ಪರವಾಗಿ ಎರಡು ಮಾತು ಹೇಳಿ ಮುಗಿಸಿಬಿಡುತ್ತೇನೆ. ಆಮೇಲೆ ಪುರುಸೊತ್ತು ಸಿಗುವುದಿಲ್ಲ. ಆ ಜೂನ್‌ನಲ್ಲಿ ಹೆದರದವರು ಯಾರಿದ್ದರು? ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಅಂತ ಬೆಳಗಾದರೆ ಸುದ್ದಿ. ಇಲ್ಲಿ ಚಿಕ್ಕಮಗಳೂರಿನಲ್ಲೂ ಒಂದು ತೇಗು ಬಂದರೆ ಎದೆ ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಹಾಸನದಲ್ಲಿ ಅಂಥ ವಿಪರೀತ ಏರಿಕೆ ಏನೂ ಆಗಿಲ್ಲ ಅಂತ ಹೇಳಿತು. ಆದರೆ ಹೆದರಿಸಿದ ಸುದ್ದಿಗೆ ಸಿಕ್ಕ ಹೊತ್ತು, ಸಮಾಧಾನದ ಸುದ್ದಿಗೆ ಸಿಗಲಿಲ್ಲ. ಸಿಗುವುದೂ ಇಲ್ಲ. ನಮ್ಮ ಕಸುಬಿನ ಗುಟ್ಟು ನನಗೆ ಗೊತ್ತಿಲ್ಲವೇ? ಇರಲಿ. ಬಿಪಿ, ಶುಗರ್ ನೋಡಿಸಿಕೊಳ್ಳಲಿ. ಡಾಕ್ಟರು ಮಾತ್ರೆ ಬರೆದಿದ್ದರೆ ನುಂಗಲಿ. ನಡೆಯೋದೂ ಒಳ್ಳೆಯದೇ. ವಾರಕ್ಕೆ 150 ನಿಮಿಷವಾದರೂ ಮೈ ಆಡಿಸಿ, ಎರಡು ದಿನ ಮಾಂಸಖಂಡಗಳಿಗೆ ಗಟ್ಟಿ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವರ ಪಾಲಿನ ಮಾತು ಇಲ್ಲಿಗೆ ಮುಗಿಯಿತು.

ಈಗ ಹತ್ತು ಸಾವಿರದ ಕತೆ ಕೇಳಿ. ಇದು ಡಾಕ್ಟರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಜಪಾನಿನವರಿಗೆ ವ್ಯಾಯಾಮದ ಹುಚ್ಚು ಹತ್ತಿತು. ಮರುವರ್ಷ ಯಮಾಸಾ ಅನ್ನುವ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಯಂತ್ರವೊಂದನ್ನು ಅಂಗಡಿಗೆ ಬಿಟ್ಟಿತು. ಅದರ ಹೆಸರು ಮಾನ್ಪೊ ಕೇ. ಮಾನ್ ಅಂದರೆ ಹತ್ತು ಸಾವಿರ, ಪೊ ಅಂದರೆ ಹೆಜ್ಜೆ, ಕೇ ಅಂದರೆ ಅಳೆಯುವ ಯಂತ್ರ. ಅಷ್ಟೇ. ಮಾರುವ ವಸ್ತುವಿಗೆ ಇಟ್ಟ ಹೆಸರು. ನಮ್ಮಲ್ಲಿ 501 ಬಾರ್ ಸೋಪು ಇರಲಿಲ್ವಾ? ಅದನ್ನು ಕೊಂಡವರು ದಿನಕ್ಕೆ 501 ಬಟ್ಟೆ ಒಗೆಯಬೇಕು ಅಂತ ಯಾರಾದರೂ ಹೇಳಿದ್ದರಾ?

ನಿಜವಾಗಿ ಎಣಿಸಿ ನೋಡಿದವರು ಆಮೇಲೆ ಬಂದರು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಗಾರರು ಅಮೆರಿಕದ 16,000ಕ್ಕೂ ಹೆಚ್ಚು ಹೆಂಗಸರ ಹೆಜ್ಜೆ ಎಣಿಸಿ 2019ರಲ್ಲಿ ಪ್ರಕಟಿಸಿದರು. ಆ ಹೆಂಗಸರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು ಎಷ್ಟೋ ಕಡಿಮೆ ಇತ್ತು. 7,500ರ ಹತ್ತಿರಕ್ಕೆ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದರೆ ನಿಮ್ಮ ಯಜಮಾನರು ರಾತ್ರಿ ಹತ್ತಕ್ಕೆ ನಡುಮನೆ ಸುತ್ತುವ ಕೊನೆಯ ಎರಡು ಸಾವಿರ ಹೆಜ್ಜೆ ಯಾರಿಗೆ? ವಾಚಿಗೆ.

ಅಂಥ ವಾಚು ನಮ್ಮ ಮನೆಯಲ್ಲೂ ಇದೆ. ಮಗ ಬೆಂಗಳೂರಿನಿಂದ ಕಳಿಸಿದ. ಮೊದಲ ದಿನ ನಾನು ಕಟ್ಟಿಕೊಂಡೆ. ರಾತ್ರಿ ಮಲಗುವಾಗ 2,900. ಅದರಲ್ಲೂ ಮುನ್ನೂರು ನಾನು ಫೋನಿನಲ್ಲಿ ಜಗಳ ಆಡುತ್ತಾ ಕೈ ಬೀಸಿದ್ದಕ್ಕೆ ಬಂದಿರಬೇಕು. ಮರುದಿನ ತಮಾಷೆಗೆ ಅಂತ ನಮ್ಮ ಮನೆಯವಳ ಕೈಗೆ ಕಟ್ಟಿದೆ. ಡಿಸೆಂಬರ್ ತಿಂಗಳು. ಅಂಗಳದಲ್ಲಿ ನಾಲ್ಕು ಮೂಟೆ ಕಾಫಿ ಹಣ್ಣು ಒಣಗಲು ಹರವಿತ್ತು. ಅದನ್ನು ಗಂಟೆಗೊಂದು ಸಲ ಕೈಯಾಡಿಸಿ ತಿರುವಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಹನ್ನೊಂದು ಗಂಟೆಗೆ ಕಾಫಿ ಕೇಳೋಣ ಅಂತ ಒಳಗೆ ಹೋದರೆ ಐದು ಸಾವಿರ ದಾಟಿತ್ತು. ಅಕ್ಕಿ ರೊಟ್ಟಿ ತಟ್ಟುವಾಗಲೂ ಅದು ಹೆಜ್ಜೆ ಅಂತಲೇ ಎಣಿಸುತ್ತಿತ್ತು, ಅದನ್ನು ಕಳೆಯೋಣ. ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸುವಾಗ ವಾಚು ಗುರ್ ಅಂತ ನಡುಗಿ ಪಟಾಕಿ ಚಿತ್ರ ತೋರಿಸಿತು. "ರೀ, ಇದೇನೋ ಕೆಟ್ಟುಹೋಯ್ತು ನೋಡಿ" ಅಂತ ಬಿಚ್ಚಿ ಕೊಟ್ಟಳು. ಹತ್ತು ಸಾವಿರ ಆಗಿತ್ತು. ಅವಳು ಅವತ್ತು ಗೇಟು ದಾಟಿರಲಿಲ್ಲ.

ನನ್ನ ಹಳೇ ವಾದ ಇದೇ ಅಕ್ಕಾ. ಹದಿನೈದು ವರ್ಷದಿಂದ ಹೇಳುತ್ತಿದ್ದೇನೆ, ಒಬ್ಬರೂ ಒಪ್ಪುತ್ತಿಲ್ಲ. ಮೈಗೆ ಕೆಲಸವೇ ವ್ಯಾಯಾಮ. ಅದನ್ನು ಮನೆಯಿಂದ, ದಿನದಿಂದ ಕಿತ್ತು ಒಂದು ಗಂಟೆಯ ಡಬ್ಬಿಗೆ ತುಂಬಿ, ಶೂ ಸಮೇತ ಮಾರುತ್ತಿದ್ದಾರೆ. ಲಂಡನ್ನಿನಲ್ಲಿ ಜೆರಿ ಮಾರಿಸ್ ಅನ್ನುವ ಡಾಕ್ಟರು ಇದನ್ನು ಬಸ್ಸಿನಲ್ಲಿ ಕಂಡುಹಿಡಿದರು. ಡಬಲ್ ಡೆಕ್ಕರ್ ಬಸ್ಸು. ಡ್ರೈವರು ದಿನವಿಡೀ ಕೂತಿರುತ್ತಾನೆ, ಕಂಡಕ್ಟರು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಒಂದೇ ಊರು, ಒಂದೇ ಬಸ್ಸು. ಹೃದಯದ ಕಾಯಿಲೆ ಮಾತ್ರ ಡ್ರೈವರುಗಳಿಗೆ ಜಾಸ್ತಿ. 1953ರಲ್ಲಿ ಇದು ಅಚ್ಚಾಯಿತು. ಆ ಕಂಡಕ್ಟರುಗಳು ಯಾರೂ ಟ್ರ್ಯಾಕ್ ಪ್ಯಾಂಟ್ ಹಾಕಿದವರಲ್ಲ. ಟಿಕೆಟ್ ಹರಿಯುತ್ತಾ ಹತ್ತಿದವರು. ನಮ್ಮ ಬಸ್ಸಿಗೆ ಮಹಡಿ ಇಲ್ಲ, ನಿಜ. ಆದರೆ ಭಾನುವಾರದ ಬೇಲೂರು ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಸೀಟಿನ ತನಕ ಬರೋದು ಯಾವ ಗರಡಿಗೆ ಕಮ್ಮಿ?

ಇದೇ ಮಾರಿಸ್ ಮೂರು ವರ್ಷದ ಮೇಲೆ ಬಸ್ಸಿನವರ ಯೂನಿಫಾರ್ಮಿನ ಅಳತೆ ತೆಗೆಸಿ ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟ ಚಿಕ್ಕ ವಯಸ್ಸಿನಿಂದಲೇ ದೊಡ್ಡದಿತ್ತು. ಅಂದರೆ ಪುಣ್ಯವೆಲ್ಲ ಮೆಟ್ಟಿಲಿನದೇ ಅಲ್ಲ ಅಂತ ಒಪ್ಪಬೇಕು. ಒಪ್ಪಿದೆ. ಮಾರಿಸ್ ಮಾತ್ರ 99 ವರ್ಷ ಬದುಕಿದರು.

ಭಾರತದ ದೊಡ್ಡವರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈ ಆಡಿಸುವುದಿಲ್ಲ ಅಂತ 2024ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೆಕ್ಕ ಬಂತು. ಗಂಡಸರು ನೂರಕ್ಕೆ 42, ಹೆಂಗಸರು ನೂರಕ್ಕೆ 57. ಹೆಂಗಸರೇ ಜಾಸ್ತಿ ಸೋಮಾರಿಗಳು ಅಂತ ಅರ್ಥವಾ? ಇಂಥ ಸಮೀಕ್ಷೆಗಳಲ್ಲಿ ಮನೆಗೆಲಸವನ್ನೂ ಕೇಳುತ್ತಾರೆ. ಆದರೆ ಉತ್ತರ ಕೊಡುವವರು ಯಾರು? ನಮ್ಮ ಹೆಂಗಸರು. "ಏನ್ಮಾಡ್ಕೊಂಡಿದೀರಮ್ಮ?" ಅಂದರೆ "ಏನಿಲ್ಲ, ಮನೇಲೇ ಇದೀನಿ" ಅನ್ನುವವರು. ನೀವೂ ಹಾಗೇ ಹೇಳುತ್ತೀರಿ, ಅಲ್ವಾ? ಒಂದು ಮನೆಗೆ ಮೂರು ಅಡುಗೆ ಮಾಡುವವರು!

ಹಿಂದಿನ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆ ಪಂಗಡದವರು ದಯವಿಟ್ಟು ನನ್ನ ಜೊತೆ ಸೇರಬೇಡಿ. ಮೂಡಿಗೆರೆ ಕಡೆಯ ನಮ್ಮಜ್ಜಿ ಒರಳಲ್ಲಿ ರುಬ್ಬಿ, ಒನಕೆಯಲ್ಲಿ ಕುಟ್ಟಿ, ಕೆರೆಯಿಂದ ನೀರು ಹೊತ್ತವಳು. ಐವತ್ತಕ್ಕೆ ಸೊಂಟ ಬಾಗಿತ್ತು. ಮೊದಲ ಸಲ ಮಿಕ್ಸಿ ತಂದಾಗ ಅದಕ್ಕೆ ಕುಂಕುಮ ಇಟ್ಟು ಕೈ ಮುಗಿದಳು. ಮಲೆನಾಡಿನಲ್ಲಿ ಮಲೇರಿಯಾಕ್ಕೆ ಮನೆಮನೆಯಲ್ಲಿ ಜನ ಹೋದ ಕಾಲ ಅದು. ನೂರು ವರ್ಷ ಬದುಕಿದ ಒಬ್ಬ ತಾತನ ಫೋಟೋ ಗೋಡೆಯಲ್ಲಿದೆ. ಮೂರು ವರ್ಷಕ್ಕೇ ಹೋದ ಅವನ ತಮ್ಮಂದಿರ ಫೋಟೋ ಯಾರೂ ತೆಗೆಸಿರಲಿಲ್ಲ. ಮಿಕ್ಸಿ ಇರಲಿ, ವಾಷಿಂಗ್ ಮೆಷಿನ್ನೂ ಇರಲಿ. ಮಿಕ್ಕ ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಲಿ ಅಂತ ಮಾತ್ರ ನಾನು ಹೇಳೋದು.

ಈಗ ನಿಮ್ಮ ಪಟ್ಟಿ. ನವಣೆ ಈ ರೋಗಕ್ಕೆ, ಸಾಮೆ ಆ ರೋಗಕ್ಕೆ, ಊದಲು ಇನ್ನೊಂದಕ್ಕೆ ಅಂತ ಬರೆದುಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕೊಡುವುದಿಲ್ಲ. ಧಾನ್ಯ ಊಟ. ಔಷಧಿ ಅಂಗಡಿಯ ಕಪಾಟು ಅಲ್ಲ. ನಿಮ್ಮ ಅರಸೀಕೆರೆ ಕಡೆ ಹೇಳಿದರೆ ಕಲ್ಲು ಬೀಳುವ ಮಾತೊಂದನ್ನು ಹೇಳುತ್ತೇನೆ. ರಾಗಿ ಮುದ್ದೆ ಶುಗರಿಗೆ ಔಷಧಿ ಅಲ್ಲ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ 67ರ ಆಸುಪಾಸು. ನಾರು ಜಾಸ್ತಿ, ಅದು ಒಳ್ಳೆಯದು. ಸುಣ್ಣದಂಶವಂತೂ ನೂರು ಗ್ರಾಂಗೆ 350 ಮಿಲಿಗ್ರಾಂ ದಾಟುತ್ತದೆ, ಅಷ್ಟೇ ತೂಕದ ಹಾಲಿನಲ್ಲಿರುವುದರ ಮೂರರಷ್ಟು ಹೆಚ್ಚುಕಡಿಮೆ. ಆದರೆ ಸೋಫಾದಲ್ಲಿ ಕೂತು ಎರಡು ಮುದ್ದೆ ನುಂಗಿದರೆ ಶುಗರ್ ಏರದೇ ಇರುತ್ತದಾ? ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ಇನ್ನೂ ಬೇಗ ಏರುತ್ತದೆ. ಅಪ್ಪ ಎರಡು ಮುದ್ದೆ ತಿಂದು ಗಟ್ಟಿಯಾಗಿದ್ದರೆ, ಆಮೇಲೆ ಹೋಗಿ ನೇಗಿಲು ಹಿಡಿಯುತ್ತಿದ್ದರು. ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ರಾಗಿ ಲಕ್ಷ್ಮಣಯ್ಯನವರು. ಅವರು ದುಡಿದದ್ದು ಎಕರೆಗೆ ನಾಲ್ಕು ಮೂಟೆ ಹೆಚ್ಚು ಬೆಳೆಯಲಿ, ಜನ ಹೊಟ್ಟೆ ತುಂಬ ಉಣ್ಣಲಿ ಅಂತ. ಕಾಲು ಕೆಜಿ ಪೊಟ್ಟಣದ ಮೇಲೆ ಹೃದಯದ ಚಿತ್ರ ಹಾಕಿ ಮಾರಲಿ ಅಂತ ಅಲ್ಲ.

ಪ್ರೋಟೀನ್ ಡಬ್ಬಿಯನ್ನು ಹೆಚ್ಚು ಬೆಳೆಸುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೇ 2024ರ ಮಾರ್ಗಸೂಚಿಯಲ್ಲಿ ಆ ಪುಡಿಗಳು ಬೇಡ ಅಂದಿದೆ. 60 ಕೆಜಿಯ ಮನುಷ್ಯನಿಗೆ ದಿನಕ್ಕೆ 50 ಗ್ರಾಂನಷ್ಟು ಪ್ರೋಟೀನ್ ಸಾಕು. ಹುರುಳಿಯಲ್ಲಿ ನೂರು ಗ್ರಾಂಗೆ 21-22 ಗ್ರಾಂ ಇದೆ. ನಿಮ್ಮ ಕೈಯ ಹುರುಳಿ ಬಸ್ಸಾರು ಬಿಟ್ಟು, ಚಾಕೊಲೇಟ್ ವಾಸನೆಯ ಪುಡಿಯನ್ನು ಅಲ್ಲಾಡಿಸಿ ಕುಡಿಯುವವರನ್ನು ಕಂಡರೆ ನನಗೆ ಸಿಟ್ಟಲ್ಲ, ಮರುಕ ಬರುತ್ತದೆ. ಇನ್ನು ಹಾಸನ ಜಿಲ್ಲೆಯವರು ಆಲೂಗಡ್ಡೆಗೆ ಹೆದರೋದು, ಅರಸೀಕೆರೆಯವರು ತೆಂಗಿನಕಾಯಿಗೆ ಹೆದರೋದು! ಮನೆ ದೇವರಿಗೇ ಹೆದರಿದ ಹಾಗೆ. ಎಣ್ಣೆಯಲ್ಲಿ ಕರಿದ ಚಿಪ್ಸು ಬೇರೆ, ಹುಳಿಯೊಳಗಿನ ನಾಲ್ಕು ಹೋಳು ಬೇರೆ.

ನಡೆಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ನಡೆಯಬೇಕು? ನಮ್ಮ ಆಫೀಸಿನಿಂದ ಬಸ್ ನಿಲ್ದಾಣಕ್ಕೆ ಹನ್ನೆರಡು ನಿಮಿಷದ ದಾರಿ. ಫುಟ್‌ಪಾತಿನಲ್ಲಿ ಬೈಕು, ಬೋರ್ಡು, ಬಾಯಿ ತೆರೆದ ಚರಂಡಿ. ರಸ್ತೆಗೆ ಇಳಿದರೆ ಶನಿವಾರದ ಬೆಂಗಳೂರು ಕಾರುಗಳು. ಅವರೆಲ್ಲ ಮುಳ್ಳಯ್ಯನಗಿರಿಗೆ ಹೋಗುವವರು. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಬೆಟ್ಟ. ಬುಡದವರೆಗೂ ಅಲ್ಲ, ಹೆಚ್ಚುಕಡಿಮೆ ನೆತ್ತಿಯವರೆಗೂ ಗಾಡಿಯಲ್ಲೇ ಹೋಗಿ, ಉಳಿದ ಮೆಟ್ಟಿಲು ಹತ್ತಿ, ವಾಚು ನೋಡಿಕೊಳ್ಳುತ್ತಾರೆ. ಶ್ರವಣಬೆಳಗೊಳದಲ್ಲಿ ಇದಕ್ಕಿಂತ ಚಂದ ನೋಡಿದೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು. ನಾಲ್ಕು ಜನ ಡೋಲಿ ಹೊತ್ತು ಬರುತ್ತಿದ್ದರು. ಮೇಲೆ ಕೂತವನಿಗೆ ಇನ್ನೂ ನಲವತ್ತು ಆಗಿರಲಿಲ್ಲ, ಕೈಯಲ್ಲಿ ಅಂಥದೇ ವಾಚು. ಹೊತ್ತವರಲ್ಲಿ ಒಬ್ಬರ ತಲೆ ಪೂರ್ತಿ ಬೆಳ್ಳಗಿತ್ತು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಶಾಲೆಗಳ ವಿಷಯ ಎತ್ತಿದರೆ ಈ ಪುಟ ಸಾಲದು. ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಸಿದುಕೊಂಡಿದ್ದಾರೆ, ಮೈದಾನವನ್ನು ಸ್ಕೂಲ್ ಬಸ್ಸುಗಳು. ಆ ಮಕ್ಕಳೇ ನಾಳೆ ದುಡ್ಡು ಕಟ್ಟಿ ಜಿಮ್ಮಿಗೆ ಹೋಗುತ್ತಾರೆ, ಅದೂ ಲಿಫ್ಟಿನಲ್ಲಿ.

ಎಲ್ಲಿಂದ ಎಲ್ಲಿಗೋ ಬಂದೆ. ನಿಮ್ಮ ನೀರಿನ ಲೋಟಕ್ಕೆ ವಾಪಸ್ ಬರೋಣ. ನಿಮ್ಮ ಯಜಮಾನರನ್ನು ಬೈಯುವ ಯೋಗ್ಯತೆ ನನಗೂ ಅಷ್ಟಿಲ್ಲ. ಇದನ್ನು ಬರೆಯಲು ಕೂತ ಮೇಲೆ ಎರಡು ಸಲ ಕಾಫಿ ಬಂತು. ತಂದವನು ನಾನಲ್ಲ. ಎರಡನೇ ಸಲ ತಂದವಳು ನಿಂತು ಕಾಗದ ಓದಿ, "ಚೆನ್ನಾಗಿದೆ" ಅಂತಷ್ಟೇ ಹೇಳಿ ಲೋಟ ಅಲ್ಲೇ ಬಿಟ್ಟು ಹೋದಳು. ತೊಳೆದಿಟ್ಟು ಬಂದು ಈ ಸಾಲು ಬರೆಯುತ್ತಿದ್ದೇನೆ.

ಒಂದು ಕೆಲಸ ಮಾಡಿ. ಬರುವ ಸೋಮವಾರ ಆ ವಾಚನ್ನು ಇಸಕೊಂಡು ನೀವು ಕಟ್ಟಿಕೊಳ್ಳಿ. ಕೊಡಲ್ಲ ಅಂದರೆ ಸಂಪಾದಕರು ಹೇಳಿದ್ದಾರೆ ಅನ್ನಿ. ಬೆಳಿಗ್ಗೆ ಏಳುವಾಗ ಕಟ್ಟಿ, ರಾತ್ರಿ ಗ್ಯಾಸ್ ಆಫ್ ಮಾಡಿದ ಮೇಲೆ ಬಿಚ್ಚಿ. ಬಂದ ಅಂಕಿಯನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿಲ್ಲದೆ ಹಾಕುತ್ತೇನೆ. ಅವತ್ತು ಅವರಿಗೆ ನೀರು ಯಾರು ಕೊಟ್ಟರು ಅನ್ನೋದನ್ನೂ ಅದರಲ್ಲೇ ಬರೆಯಿರಿ.